ಡಾಸ್ ಕಂಪ್ಯೂಟರಿಗೆ ಮೌಸ್ ಪರಿಚಯವಾಗುವ ಬಗೆ

ಹಳೆಯ 386 ಕಂಪ್ಯೂಟರಿಗೆ ಮೌಸ್ ಸಿಕ್ಕಿಸಿ ಡಾಸ್ (ಆಜ್ಞೆಗಳನ್ನು ಟೈಪ್ ಮಾಡಿ ನಡೆಸುವ ಹಳೆಯ ಆಪರೇಟಿಂಗ್ ಸಿಸ್ಟಂ) ಶುರು ಮಾಡಿ ನೋಡಿ. ಎಷ್ಟು ಅಲ್ಲಾಡಿಸಿದರೂ ಪರದೆಯ ಮೇಲೆ ಏನೂ ಕದಲುವುದಿಲ್ಲ. ಮೌಸ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಕಳಿಸುವ ಸಂಕೇತವನ್ನು ಓದಲು ಡಾಸ್‌ಗೆ ಬರುವುದಿಲ್ಲ, ಅಷ್ಟೇ. ಓದುವುದಕ್ಕೆ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮ್ ಬೇಕು.

ಹಾಕುವುದು ಸುಲಭ. ಮೌಸ್.ಕಾಮ್ ಎಂಬ ಫೈಲನ್ನು ಫ್ಲಾಪಿಯಿಂದ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಡಾಸ್ ಶುರುವಾದಾಗ ತಾನಾಗಿ ಓಡುವ ಆಟೋಎಕ್ಸೆಕ್.ಬ್ಯಾಟ್ ಫೈಲಿನಲ್ಲಿ ಅದರ ಹೆಸರಿನ ಒಂದು ಸಾಲು ಸೇರಿಸಿದರೆ ಸಾಕು. ಫ್ಲಾಪಿ ಕಳೆದುಹೋಗಿದ್ದರೆ ಕ್ಯೂಟ್‌ಮೌಸ್ ಎಂಬ ಉಚಿತ ಡ್ರೈವರ್ ಇದೆ. ನನಗೆ ಅದೇ ಹೆಚ್ಚು ಇಷ್ಟ, ಮೆಮೊರಿಯಲ್ಲಿ ತುಂಬ ಕಡಿಮೆ ಜಾಗ ಹಿಡಿಯುತ್ತದೆ. ಡಾಸ್ ಪ್ರೋಗ್ರಾಮುಗಳಿಗೆ ಸಿಗುವುದೇ 640 ಕಿಲೋಬೈಟ್ ಅಲ್ವಾ!

ಆ ಒಂದು ಸಾಲು ಓಡಿದಾಗ ನಡೆಯುವುದು ನಿಜಕ್ಕೂ ಸೊಗಸು. ಸೀರಿಯಲ್ ಮೌಸ್‌ಗೆ, ಅಂದರೆ ಒಂದೊಂದೇ ಬಿಟ್ ಸಾಲಾಗಿ ಸಾಗಿಸುವ ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಮೌಸ್‌ಗೆ, ಕರೆಂಟಿನ ಬೇರೆ ತಂತಿ ಇರುವುದಿಲ್ಲ. ಪೋರ್ಟಿನ ಸಂಕೇತದ ತಂತಿಗಳಿಂದಲೇ ಅದಕ್ಕೆ ಜೀವ. ಡ್ರೈವರ್ ಅಂಥ ಒಂದು ತಂತಿಯ ಕರೆಂಟನ್ನು ನಿಲ್ಲಿಸಿ ಮತ್ತೆ ಹರಿಸುತ್ತದೆ. ಮೈಕ್ರೋಸಾಫ್ಟ್ ಪದ್ಧತಿಯ ಮೌಸ್ ಆಗ ಎಚ್ಚೆತ್ತು ‘ಎಂ’ ಅಕ್ಷರವನ್ನು ಕಳಿಸುತ್ತದೆ. ಹಾಜರಿ ಕೂಗಿದಾಗ ‘ಬಂದೆ ಸಾರ್’ ಅಂದಂತೆ.

ಆಮೇಲೆ ಮೌಸ್ ಅಲುಗಿದಾಗೆಲ್ಲ 3 ಬೈಟ್ ಬರುತ್ತವೆ: ಗುಂಡಿಗಳ ಸ್ಥಿತಿ, ಅಡ್ಡ ಎಷ್ಟು ಸರಿಯಿತು, ಉದ್ದ ಎಷ್ಟು. ವೇಗ ಸೆಕೆಂಡಿಗೆ 1200 ಬಿಟ್. ಶುರು-ಕೊನೆಯ ಗುರುತು ಸೇರಿ ಇಲ್ಲಿ ಬೈಟಿಗೆ 9 ಬಿಟ್, ಒಂದು ವರದಿಗೆ 27 ಬಿಟ್ ಬೇಕು. ಹಾಗಾಗಿ ಸೆಕೆಂಡಿಗೆ 44 ವರದಿ ಬಂದರೆ ಹೆಚ್ಚು. ಮೊದಲ ಬೈಟಿಗೆ ಮಾತ್ರ ಒಂದು ಗುರುತಿನ ಬಿಟ್ ಇರುತ್ತದೆ. ನಡುವೆ ಒಂದು ಬೈಟ್ ತಪ್ಪಿಹೋದರೂ ಮುಂದಿನ ವರದಿ ಎಲ್ಲಿಂದ ಶುರು ಎಂದು ಡ್ರೈವರ್‌ಗೆ ತಿಳಿಯುತ್ತದೆ.

ಡ್ರೈವರ್ ಈ ಲೆಕ್ಕವನ್ನೆಲ್ಲ ಕೂಡಿಸಿ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಮುಗಳು ‘ಇಂಟರಪ್ಟ್ 33’ ಎಂಬ ಒಂದೇ ಬಾಗಿಲು ತಟ್ಟಿ ಕೇಳುತ್ತವೆ. ಅದರಿಂದಲೇ ಚಿತ್ರ ಬರೆಯುವ ಪ್ರೋಗ್ರಾಮಿಗೆ ನಿಮ್ಮ ಮೌಸ್ ಯಾವ ಕಂಪನಿಯದು ಎಂಬ ಚಿಂತೆ ಇಲ್ಲ. ವಿಂಡೋಸ್ 3.1 ತನ್ನದೇ ಡ್ರೈವರ್ ತರುತ್ತದೆ, ಈ ಫೈಲ್ ಅದಕ್ಕೆ ಬೇಡ.

ಇಷ್ಟಾದರೂ ಮೌಸ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಮೌಸನ್ನು ತಿರುಗಿಸಿ ನೋಡಿ. ಕೆಲವದರ ಹೊಟ್ಟೆಯಲ್ಲಿ ಪುಟ್ಟ ಸ್ವಿಚ್ ಇರುತ್ತದೆ. ಅದು ‘ಪಿಸಿ’ ಕಡೆಗಿದ್ದರೆ ಮೌಸ್ 3 ಬೈಟಿನ ಬದಲು 5 ಬೈಟ್ ಕಳಿಸುವ ಬೇರೆ ಪದ್ಧತಿಗೆ ಹೋಗಿರುತ್ತದೆ. ‘ಎಂಎಸ್’ ಕಡೆಗೆ ಸರಿಸಿ. ಮೋಡೆಮ್ ಬಳಸುವಾಗ ಮಾತ್ರ ಮೌಸ್ ಸ್ತಬ್ಧವಾದರೆ, ಮೌಸ್ ಕಾಮ್1ರಲ್ಲೂ ಮೋಡೆಮ್ ಕಾಮ್3ರಲ್ಲೂ ಇದೆಯೇ ನೋಡಿ (ಕಾಮ್1, ಕಾಮ್2 ಎಂಬವು ಸೀರಿಯಲ್ ಪೋರ್ಟುಗಳ ಹೆಸರು). ಸಾಮಾನ್ಯವಾಗಿ ಆ ಎರಡೂ ಪ್ರೊಸೆಸರನ್ನು ಕರೆಯಲು 4ನೇ ಇಂಟರಪ್ಟ್ ಗೆರೆ ಎಂಬ ಒಂದೇ ತಂತಿಯನ್ನು ಹಂಚಿಕೊಳ್ಳುತ್ತವೆ. ಮೌಸನ್ನು ಕಾಮ್2ಕ್ಕೆ ಹಾಕಿದರೆ ಜಗಳ ತೀರುತ್ತದೆ.