ಮತದಾನ ಮತ್ತು ಕ್ರೈಸ್ತ ಮನಸ್ಸಾಕ್ಷಿ: ಕೊಡಗಿನ ಮತದಾರರಿಗೆ ಅಧ್ಯಯನ ಟಿಪ್ಪಣಿ

ಚುನಾವಣೆಯ ಬಗ್ಗೆ ಬೈಬಲ್ ಅಧ್ಯಯನಕ್ಕೆ ಕೂತವರು ಹೆಚ್ಚಾಗಿ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯವನ್ನೇ ಮೊದಲು ತೆರೆಯುತ್ತಾರೆ. ಅಲ್ಲಿಂದ ಶುರು ಮಾಡಬೇಡಿ. ಪೌಲನ ಓದುಗರಿಗೆ ಚಕ್ರವರ್ತಿಯನ್ನು ಆರಿಸುವ ಹಕ್ಕೇ ಇರಲಿಲ್ಲ. ಇರುವ ಅಧಿಕಾರದ ಕೆಳಗೆ ಬಾಳುವುದು ಹೇಗೆಂದು ಆ ಅಧ್ಯಾಯ ಹೇಳುತ್ತದೆ, ಯಾರನ್ನು ಆರಿಸಬೇಕೆಂದು ಹೇಳುವುದಿಲ್ಲ. ಆಯ್ಕೆಗೆ ನೇರವಾಗಿ ಸಂಬಂಧಿಸಿದ ಭಾಗಗಳೆಂದರೆ ವಿಮೋಚನಕಾಂಡ 18:21 ಮತ್ತು ಧರ್ಮೋಪದೇಶಕಾಂಡ 1:13–17.

ಮೊದಲನೆಯದು ಕೇಳುವುದು ಸಾಮರ್ಥ್ಯ, ದೇವಭಯ, ನಂಬಿಗಸ್ತಿಕೆ ಮತ್ತು ಲಂಚದ ಮೇಲಿನ ಹಗೆ. ಎರಡನೆಯದರಲ್ಲಿ ಮೋಶೆ ಆಯ್ಕೆಯನ್ನು ಜನರಿಗೇ ಬಿಡುತ್ತಾನೆ. ಜ್ಞಾನ, ವಿವೇಕ, ಜನರಿಗೆ ಪರಿಚಿತವಾದ ನಡತೆ ಇರುವವರು ಬೇಕು. ಅವರು ದೊಡ್ಡವ, ಚಿಕ್ಕವ ಎನ್ನದೆ ಇಬ್ಬರ ಮಾತನ್ನೂ ಕೇಳಬೇಕು, ಯಾರಿಗೂ ಹೆದರಬಾರದು.

ನಾವು ಜಾರುವುದು ‘ದೇವಭಯ’ ಎಂಬಲ್ಲಿ. ಹಾಗಾದರೆ ಕ್ರೈಸ್ತ ಅಭ್ಯರ್ಥಿಗೇ ವೋಟು ಎಂದು ತೀರ್ಮಾನಿಸಿಬಿಡುತ್ತೇವೆ. ಆದರೆ ವಿಮೋಚನಕಾಂಡದಲ್ಲಿ ಈ ಸಲಹೆ ಕೊಟ್ಟ ಇತ್ರೋ, ಮೋಶೆಯ ಮಾವ, ಇಸ್ರಾಯೇಲನಲ್ಲ, ಮಿದ್ಯಾನಿನ ಯಾಜಕ. ನಮ್ಮ ಜಿಲ್ಲೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ: 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್‌ಗೆ ನೆಲೆ ಕೊಟ್ಟ ದೊಡ್ಡ ವೀರರಾಜೇಂದ್ರ ಲಿಂಗಾಯತ ಅರಸ. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ಆಶ್ರಯ ಸಿಕ್ಕಿದ್ದು ಅವನಿಂದ. ಆದ್ದರಿಂದ ದೇವಭಯವನ್ನು ಅಭ್ಯರ್ಥಿ ಯಾವ ಗುಡಿಗೆ ಹೋಗುತ್ತಾನೆ ಎಂಬುದರಿಂದ ಅಳೆಯಬೇಡಿ. ತನ್ನನ್ನು ಪ್ರಶ್ನಿಸಲಾಗದವರ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಿಂದ ಅಳೆಯಿರಿ.

ಹಾಗೆ ಅಳೆಯಲು ಕೈಯಲ್ಲಿ ಕಾಗದ ಬೇಕು. ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ನಮೂನೆ 26ರಲ್ಲಿ ಪ್ರಮಾಣಪತ್ರ ಸಲ್ಲಿಸುತ್ತಾರೆ. ಬಾಕಿ ಇರುವ ಕ್ರಿಮಿನಲ್ ಪ್ರಕರಣ, ಆಗಿರುವ ಶಿಕ್ಷೆ, ತನ್ನ ಮತ್ತು ಸಂಗಾತಿಯ ಆಸ್ತಿ, ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ, 5 ವರ್ಷಗಳ ಆದಾಯ ಎಲ್ಲವೂ ಅದರಲ್ಲಿರುತ್ತವೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಹಿಂದೆಯೂ ಸ್ಪರ್ಧಿಸಿದವರಾದರೆ ಹಳೆಯ ಪ್ರಮಾಣಪತ್ರವನ್ನೂ ಪಕ್ಕದಲ್ಲಿಟ್ಟು ಆಸ್ತಿಯ ಏರಿಕೆಯನ್ನು ಆದಾಯದ ಜೊತೆ ಹೋಲಿಸಿ. ಪ್ರಕರಣಗಳ ಸಂಖ್ಯೆ ನೋಡಿ ಬೆಚ್ಚುವುದಕ್ಕಿಂತ ಕಲಂಗಳನ್ನು ಓದುವುದು ಮುಖ್ಯ. ಪ್ರತಿಭಟನೆಯಲ್ಲಿ ರಸ್ತೆ ತಡೆದ ಕೇಸೂ ಭೂಕಬಳಿಕೆಯ ಕೇಸೂ ಒಂದೇ ಅಲ್ಲ.

ಆಮೇಲೆ ಹುದ್ದೆ ಯಾವುದೆಂದು ನೋಡಿ. ಕೊಡಗಿನಲ್ಲಿ ಮಡಿಕೇರಿ ಮತ್ತು ವಿರಾಜಪೇಟೆ ಎರಡು ವಿಧಾನಸಭಾ ಕ್ಷೇತ್ರಗಳು. ಲೋಕಸಭೆಗೆ ನಾವು ಮೈಸೂರು ಕ್ಷೇತ್ರದವರು. ಆನೆ ತುಳಿದ ತೋಟದ ಪರಿಹಾರ, ಭೂಕುಸಿತದ ಸಂತ್ರಸ್ತರ ಮನೆ, ಸ್ಮಶಾನದ ಜಾಗ ಬಹುತೇಕ ರಾಜ್ಯದ ಕೆಲಸ. ಕಾಫಿ ಮಂಡಳಿ, ಆಮದು ಸುಂಕ ಕೇಂದ್ರದ್ದು. ಹುದ್ದೆಗೆ ಸಂಬಂಧವಿಲ್ಲದ ಭರವಸೆಗೆ ಅಂಕ ಕೊಡಬೇಡಿ. ಜ್ಞಾನೋಕ್ತಿಗಳು 31:8–9 ಬಾಯಿಲ್ಲದವರ ಪರ ಬಾಯಿ ತೆರೆಯಲು ಹೇಳುತ್ತದೆ. ಇಲ್ಲಿ ಅದರರ್ಥ ತೋಟದ ಲೈನ್ ಮನೆಗಳ ಕಾರ್ಮಿಕರು, ಆದಿವಾಸಿಗಳಾದ ಯರವರು, ಜೇನುಕುರುಬರು. 2016ರ ಕೊನೆಯಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿಗಳ ವಿಷಯದಲ್ಲಿ ಅಭ್ಯರ್ಥಿ ಏನು ಮಾಡಿದರು ಎಂದು ಕೇಳುವುದು ಕ್ರೈಸ್ತ ಪ್ರಶ್ನೆಯೇ. ನಮ್ಮ ಶಾಲೆಗೆ ಅನುದಾನ ಸಿಕ್ಕಿತೇ ಎಂಬ ಪ್ರಶ್ನೆ ಅದಕ್ಕಿಂತ ಹಿಂದೆ ನಿಲ್ಲಬೇಕು.

ದುಡ್ಡಿನ ವಿಷಯ. ಧರ್ಮೋಪದೇಶಕಾಂಡ 16:19ರ ಪ್ರಕಾರ ಲಂಚ ಜ್ಞಾನಿಗಳ ಕಣ್ಣನ್ನೂ ಕುರುಡು ಮಾಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ ಪ್ರಕಾರ ವೋಟಿಗಾಗಿ ಕೊಟ್ಟವರಷ್ಟೇ ಅಲ್ಲ, ಪಡೆದವರೂ ಅಪರಾಧಿಗಳು. ಆಣೆ ಮಾಡಿಸಿ ಹಣ ಹಂಚಿದಾಗ ನಮ್ಮ ಜನ ಸಿಕ್ಕಿಬೀಳುತ್ತಾರೆ: “ಬೈಬಲ್ ಮುಟ್ಟಿದ್ದೇನೆ, ತಪ್ಪಿದರೆ ಪಾಪ.” ಮಾರ್ಕ 6ರಲ್ಲಿ ಅರಸ ಹೆರೋದ ಆಣೆಗೆ ಕಟ್ಟುಬಿದ್ದೇ ಸ್ನಾನಿಕ ಯೋಹಾನನ ತಲೆ ಕಡಿಸಿದ. ತಪ್ಪು ಮಾಡಲು ಇಟ್ಟ ಆಣೆ ಮನಸ್ಸಾಕ್ಷಿಯನ್ನು ಕಟ್ಟುವುದಿಲ್ಲ. ಆಣೆ ಮಾಡಿದ್ದಕ್ಕೆ ಪಶ್ಚಾತ್ತಾಪಪಡಬೇಕು, ಅದನ್ನು ನೆರವೇರಿಸಬಾರದು.

ಚರ್ಚಿನೊಳಗೆ ಇದನ್ನು ಕಲಿಸುವವರಿಗೂ ಗಡಿ ಇದೆ. ತತ್ತ್ವಗಳನ್ನು ಹೇಳಬಹುದು, ಹೆಸರು ಹೇಳಬಾರದು. ಮಾದರಿ ನೀತಿ ಸಂಹಿತೆ ಆರಾಧನಾ ಸ್ಥಳಗಳಲ್ಲಿ ಪ್ರಚಾರವನ್ನು ನಿಷೇಧಿಸುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(2) ಕಲಂ, ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರರನ್ನು ಹೆದರಿಸುವುದನ್ನು ಅನುಚಿತ ಪ್ರಭಾವವೆಂದು ಕರೆಯುತ್ತದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಿನಲ್ಲಿ ವೋಟು ಕೇಳುವುದೂ ಭ್ರಷ್ಟಾಚರಣೆಯೇ ಎಂದು ಬಹುಮತದಿಂದ ತೀರ್ಪು ಕೊಟ್ಟಿತು. ಕಥೋಲಿಕ ಧರ್ಮಗುರುಗಳು ಪಕ್ಷ ರಾಜಕೀಯದಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳುವುದನ್ನು ಅವರ ಧರ್ಮಸಭೆಯ ಕಾನೂನಿನ 287ನೇ ನಿಯಮ ಸಾಮಾನ್ಯವಾಗಿ ತಡೆಯುತ್ತದೆ.

ಎಲ್ಲಕ್ಕಿಂತ ಕಷ್ಟದ್ದು, ಯಾರೂ ಒಪ್ಪಿಗೆಯಾಗದ ಸಂದರ್ಭ. ಒಬ್ಬರು ಆರಾಧನಾ ಸ್ವಾತಂತ್ರ್ಯಕ್ಕೆ ಬೆಂಬಲ ಕೊಡುತ್ತಾರೆ, ಆದರೆ ಭ್ರಷ್ಟರು. ಇನ್ನೊಬ್ಬರು ಕೈ ಶುದ್ಧ, ಆದರೆ ನೆರೆಯವರ ಮೇಲೆ ದ್ವೇಷ ಬಿತ್ತುತ್ತಾರೆ. ಕಥೋಲಿಕ ನೀತಿಶಾಸ್ತ್ರದಲ್ಲಿ ಇದಕ್ಕೆ ಒಂದು ದಾರಿ ಇದೆ. ಅಭ್ಯರ್ಥಿಯ ಕೆಟ್ಟ ನಿಲುವನ್ನು ಮೆಚ್ಚಿಯೇ ವೋಟು ಹಾಕಿದರೆ ಆ ಕೆಡುಕಿನಲ್ಲಿ ನಾವೂ ಪಾಲುದಾರರು. ಆ ನಿಲುವನ್ನು ಒಪ್ಪದೆ, ಅದಕ್ಕೆ ಸಮತೂಕದ ಗಂಭೀರ ಕಾರಣವಿದ್ದು ಹಾಕಿದರೆ ಸಹಿಸಬಹುದು. ಆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆದಿಡಿ. ಬರೆಯಲಾಗದಿದ್ದರೆ ನೀವಿನ್ನೂ ತೂಗಿಲ್ಲ. 2013ರಿಂದ ನೋಟಾ (ಯಾರಿಗೂ ಮತವಿಲ್ಲ ಎಂಬ ಗುಂಡಿ) ಇದೆ, ಆದರೆ ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಅದಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಅದನ್ನು ಒತ್ತುವಾಗ ಇದು ತಿಳಿದಿರಲಿ.

ತೋಟದ ಮಾಲೀಕರಾದ ವಿಶ್ವಾಸಿಗಳಿಗೆ ಒಂದು ಮಾತು: 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ ಮತದಾನದ ದಿನ ಮತದಾರ ಕಾರ್ಮಿಕರಿಗೆ ಸಂಬಳಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ. ಅಭ್ಯರ್ಥಿ ಕಳಿಸಿದ ಜೀಪಿನಲ್ಲಿ ಅವರನ್ನು ಮತಗಟ್ಟೆಗೆ ಸಾಗಿಸುವುದು 123(5)ರಡಿ ಭ್ರಷ್ಟಾಚರಣೆ. ಯಾರಿಗೆ ಹಾಕಿದಿರಿ ಎಂದು ಮರುದಿನ ಕಾಫಿ ಕಣದಲ್ಲಿ ನಿಂತು ಅವರನ್ನು ಕೇಳಲೂಬೇಡಿ.