ಜೆಂಡರ್ ಸ್ಟಡೀಸ್: ಪಾಠವೋ, ಪ್ರಚಾರವೋ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿರುವ ಮಗಳು ಈ ಸೆಮಿಸ್ಟರಿಗೆ ಜೆಂಡರ್ ಸ್ಟಡೀಸ್ ಕೋರ್ಸ್ ತೆಗೆದುಕೊಳ್ಳುತ್ತೇನೆ ಅನ್ನುತ್ತಿದ್ದಾಳೆ. ಅಲ್ಲಿ ಒಂದೇ ಕಡೆಯ ಮಾತು ಹೇಳಿಕೊಡುತ್ತಾರಂತೆ, ಎದುರು ಮಾತಾಡಿದರೆ ಮಾರ್ಕ್ಸ್ ಕಟ್ಟಂತೆ. ನಿಜವೇ?

ಗಂಡು-ಹೆಣ್ಣೆಂಬ ಪಾತ್ರಗಳನ್ನು ಸಮಾಜ ಹೇಗೆ ರೂಪಿಸುತ್ತದೆ ಎಂದು ಓದುವ ಈ ವಿಷಯದ ಮೇಲಿನ ದೂರು ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕೆ ಜನ ಒದಗಿಸುವ ಸಾಕ್ಷಿ ಮಾತ್ರ ಹೆಚ್ಚಾಗಿ ತಪ್ಪು ಮನೆಯ ಬಾಗಿಲು ತಟ್ಟುತ್ತದೆ.

ಎಲ್ಲರೂ ಎತ್ತಿಕೊಳ್ಳುವುದು 2018ರ ಪ್ರಕರಣವನ್ನು. ಜೇಮ್ಸ್ ಲಿಂಡ್ಸೆ, ಪೀಟರ್ ಬೊಗೋಸಿಯನ್, ಹೆಲೆನ್ ಪ್ಲಕ್‌ರೋಸ್ ಎಂಬ ಮೂವರು ಟೀಕಾಕಾರರು ಸೇರಿ ಬೇಕೆಂದೇ 20 ಬೋಗಸ್ ಪ್ರಬಂಧ ಬರೆದು ಇಂಥ ವಿಷಯಗಳ ಸಂಶೋಧನಾ ಜರ್ನಲ್ಲುಗಳಿಗೆ ಕಳಿಸಿದರು. ಗುಟ್ಟು ರಟ್ಟಾಗುವ ಹೊತ್ತಿಗೆ ನಾಲ್ಕು ಅಚ್ಚಾಗಿದ್ದವು, ಇನ್ನು ಮೂರಕ್ಕೆ ಒಪ್ಪಿಗೆ ಸಿಕ್ಕಿತ್ತು. ಒಂದರಲ್ಲಂತೂ ಪೋರ್ಟ್‌ಲ್ಯಾಂಡಿನ ನಾಯಿ ಪಾರ್ಕುಗಳಲ್ಲಿ ಹತ್ತಿರ ಹತ್ತಿರ 10,000 ನಾಯಿಗಳ ಜನನಾಂಗ ಪರೀಕ್ಷಿಸಿದ್ದಾಗಿ ಬರೆದಿದ್ದರು! ಪರಿಶೀಲಕರಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಅದು ನಾಚಿಕೆಗೇಡೇ. ಆದರೂ ಅಲ್ಲಿ ಬಯಲಾದದ್ದು ಜರ್ನಲ್ಲಿನ ಬೇಜವಾಬ್ದಾರಿ. ಹತ್ತೊಂಬತ್ತು ವರ್ಷದ ಹುಡುಗಿ ಕ್ಲಾಸಿನಲ್ಲಿ ಕೈ ಎತ್ತಿದಾಗ ಏನಾಗುತ್ತದೆ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ತರಗತಿಯ ಬಗ್ಗೆ ಕೇಳಬೇಕಾದದ್ದು ಒಳಗಿದ್ದವರ ಮಾತನ್ನು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮಹಿಳಾ ಅಧ್ಯಯನ (ಜೆಂಡರ್ ಸ್ಟಡೀಸ್ ಬೆಳೆದದ್ದು ಇದರಿಂದಲೇ) ಕಲಿಸುತ್ತಿದ್ದ ಡ್ಯಾಫ್ನಿ ಪಟಾಯ್ 1994ರಲ್ಲಿ ನೊರೆಟ್ಟಾ ಕೋರ್ಟ್‌ಗಿ ಜೊತೆ ಬರೆದ ಪುಸ್ತಕದ ತಕರಾರು ಇದೇ: ಚಳವಳಿಯ ಕಾವು ಪಾಠದೊಳಗೆ ನುಗ್ಗಿ ಪ್ರಶ್ನೆಗೆ ಜಾಗವಿಲ್ಲದಂತಾಗಿದೆ ಎಂದು. ಇದು ವಿರೋಧಿಗಳ ಬೈಗುಳವಲ್ಲ, ಮನೆಯವರದೇ ದೂರು. ನನಗೆ ನಾಯಿ ಪಾರ್ಕಿಗಿಂತ ತೂಕದ್ದಾಗಿ ಕಾಣುವುದು ಇದು.

ಹಾಗಾದರೆ ಒಂದು ನಿಲುವಿನಿಂದ ಹುಟ್ಟಿದ ವಿಷಯವೆಲ್ಲ ಪಕ್ಷಪಾತವೇ? ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1970ರಲ್ಲಿ ಶುರುವಾದ ಅಲ್ಲಿನ ಮೊದಲ ಮಹಿಳಾ ಅಧ್ಯಯನ ವಿಭಾಗ ಸ್ತ್ರೀವಾದಿ ಚಳವಳಿಯ ಕೂಸೇ. ನಮ್ಮಲ್ಲೂ ಅಷ್ಟೆ. ಇಲ್ಲಿ ಈ ವಿಷಯಕ್ಕೆ ದಾರಿ ಮಾಡಿಕೊಟ್ಟ, ಮಹಿಳೆಯರ ಸ್ಥಾನಮಾನ ಕುರಿತ ಸರ್ಕಾರಿ ಸಮಿತಿ 1974ರಲ್ಲಿ ವರದಿ ಕೊಟ್ಟಾಗ ಅದರ ಹಿಂದೆ ಕಳಕಳಿ ಇತ್ತು. ಆದರೆ ಅದು ಮುಂದಿಟ್ಟ ಲೆಕ್ಕ ಜನಗಣತಿಯದು: ಸಾವಿರ ಗಂಡಸರಿಗೆ 1901ರಲ್ಲಿ 972 ಹೆಂಗಸರು, 1971ರಲ್ಲಿ 930. ಕಳಕಳಿ ಇಲ್ಲದವನೂ ಆ ಅಂಕಿ ತೆಗೆದು ನೋಡಬಹುದು, ಕಾರಣದ ಬಗ್ಗೆ ಜಗಳವಾಡಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ಮಹಿಳಾ ಅಧ್ಯಯನ ವಿಭಾಗ ಇದೆ. ಅಲ್ಲಿಗೂ ಇದೇ ಅಳತೆ: ಹೇಳಿದ್ದನ್ನು ಒಪ್ಪದವರೂ ಪರೀಕ್ಷಿಸಿ ಪ್ರಶ್ನಿಸಬಹುದೇ?

ಇನ್ನು ಸರ್ಕಾರಗಳೇ ಕೈಹಾಕಿದ ಕತೆ. ಹಂಗೇರಿ 2018ರಲ್ಲಿ ಜೆಂಡರ್ ಸ್ಟಡೀಸ್ ಸ್ನಾತಕೋತ್ತರ ಪದವಿಯನ್ನೇ ಮಾನ್ಯತೆಯ ಪಟ್ಟಿಯಿಂದ ಕಿತ್ತುಹಾಕಿತು. ಅಮೆರಿಕದ ಫ್ಲೋರಿಡಾದಲ್ಲಿ ಸರ್ಕಾರಿ ಕಾಲೇಜಾದ ನ್ಯೂ ಕಾಲೇಜಿನ ಆಡಳಿತ ಮಂಡಳಿ 2023ರಲ್ಲಿ ಜೆಂಡರ್ ಸ್ಟಡೀಸ್ ಕೋರ್ಸನ್ನು ಮುಚ್ಚಲು ಮತ ಹಾಕಿತು. ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗೆ.

ನಿಮ್ಮ ಮಗಳಿಗೆ ಸಿಲಬಸ್ ಕಳಿಸಲು ಹೇಳಿ. ಓದಬೇಕಾದ ಪಟ್ಟಿಯಲ್ಲಿ ಪರಸ್ಪರ ಒಪ್ಪದ ಸ್ತ್ರೀವಾದಿಗಳು ಇದ್ದಾರೆಯೇ, ದೇಹ ಮತ್ತು ಜೀವವಿಜ್ಞಾನದ ಕಡೆಯಿಂದ ಬಂದ ಆಕ್ಷೇಪಕ್ಕೆ ಒಂದು ವಾರವಾದರೂ ಮೀಸಲಿದೆಯೇ ನೋಡಿ. ಅಂಕ ಕೊಡುವುದು ವಾದದ ಗಟ್ಟಿತನಕ್ಕೋ, ಅನುಭವ ಹಂಚಿಕೊಂಡದ್ದಕ್ಕೋ ಅನ್ನುವುದೂ ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಮೊದಲೆರಡು ವಾರ ಕೂತು ನೋಡಲಿ. ಹಿಡಿಸದಿದ್ದರೆ ಕೋರ್ಸ್ ಬಿಡಲು ಅಲ್ಲಿನ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಗಡುವು ಇರುತ್ತದೆ, ಆ ತಾರೀಖು ಮಾತ್ರ ಗುರುತು ಹಾಕಿಕೊಳ್ಳಲಿ.