ಎಲೆಕ್ಟ್ರಿಷಿಯನ್ ಕಲಿತವರು ಇನ್‌ಸ್ಟ್ರುಮೆಂಟೇಶನ್ ಕೆಲಸ ಮಾಡಬಹುದೇ?

ಪ್ರಶ್ನೆ: ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದ್ದೇನೆ. ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ನನ್ನನ್ನು ‘ಸಿ ಅಂಡ್ ಐ’ (ಕಂಟ್ರೋಲ್ ಅಂಡ್ ಇನ್‌ಸ್ಟ್ರುಮೆಂಟೇಶನ್) ವಿಭಾಗಕ್ಕೆ ಅಪ್ರೆಂಟಿಸ್ ಆಗಿ ಹಾಕಿದ್ದಾರೆ. ಎಲ್ಲವೂ ವೈರೇ ತಾನೇ? ಈ ಕೆಲಸ ಹೇಗೆ ಬೇರೆ?

ಉತ್ತರ: ಖಂಡಿತ ಮಾಡಬಹುದು. ನನ್ನೊಂದಿಗೆ ದುಡಿದ ಒಳ್ಳೆಯ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್‌ಗಳಲ್ಲಿ ಹಲವರು ನಿಮ್ಮ ಟ್ರೇಡಿನಿಂದಲೇ ಬಂದವರು. ಆದರೆ ‘ಎಲ್ಲವೂ ವೈರೇ’ ಎಂಬ ಮಾತನ್ನು ಗೇಟಿನ ಹೊರಗೇ ಬಿಟ್ಟು ಬನ್ನಿ. ನೀವು ಇದುವರೆಗೆ ಕಲಿತ ವೈರಿನಲ್ಲಿ ಶಕ್ತಿ ಹರಿಯುತ್ತದೆ, ಈ ವೈರಿನಲ್ಲಿ ಸುದ್ದಿ ಹರಿಯುತ್ತದೆ.

ರಾಯಚೂರಿನ ಶಕ್ತಿನಗರದಲ್ಲಿರುವಂಥ 210 ಮೆಗಾವಾಟ್ ಘಟಕವನ್ನೇ ತೆಗೆದುಕೊಳ್ಳಿ. ಇಂಥ ಘಟಕದ ಫೀಡ್ ಪಂಪಿನ ಮೋಟರಿಗೆ ಹೋಗುವುದು 6.6 ಕಿಲೋವೋಲ್ಟ್. ಅದರ ಬ್ರೇಕರ್, ರಿಲೇ, ಕೇಬಲ್ ಎಲೆಕ್ಟ್ರಿಕಲ್ ವಿಭಾಗದವರ ಹೊಣೆ. ಅದೇ ಪಂಪು ತಳ್ಳುವ ನೀರಿನ ಒತ್ತಡ, ಹರಿವು, ಬೇರಿಂಗಿನ ಬಿಸಿ, ಕಂಪನ ಇವನ್ನೆಲ್ಲ ಅಳೆದು ಕಂಟ್ರೋಲ್ ರೂಮಿಗೆ ಮುಟ್ಟಿಸುವುದು ನಿಮ್ಮ ಹೊಣೆ. ಹೀಗೆ ಅಳೆದು ಸುದ್ದಿ ಕಳಿಸುವ ಉಪಕರಣವಾದ ಟ್ರಾನ್ಸ್‌ಮಿಟರಿಗೆ ಬೇಕಾಗುವುದು 24 ವೋಲ್ಟ್ ಡಿಸಿ ಮಾತ್ರ. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಬಿಚ್ಚಬಾರದ ಟರ್ಮಿನಲ್ ಬಿಚ್ಚಿದರೆ ಇಡೀ ಘಟಕ ಟ್ರಿಪ್ ಆಗಬಹುದು, ಅಂದರೆ ತಾನಾಗಿಯೇ ನಿಂತುಬಿಡಬಹುದು.

ಟ್ರಾನ್ಸ್‌ಮಿಟರ್ ಸುದ್ದಿ ಕಳಿಸುವುದು 4ರಿಂದ 20 ಮಿಲಿಆಂಪಿಯರ್ ಕರೆಂಟಿನಲ್ಲಿ. 4 ಎಂದರೆ ಅಳತೆಯ ಸೊನ್ನೆ, 12 ಎಂದರೆ ಅರ್ಧ, 20 ಎಂದರೆ ಪೂರ್ತಿ. ಸೊನ್ನೆ ಮಿಲಿಆಂಪಿಯರಿನಿಂದಲೇ ಏಕೆ ಶುರು ಮಾಡಲಿಲ್ಲ? ವೈರು ಕಡಿದರೂ ಕರೆಂಟ್ ಸೊನ್ನೆಯೇ ಅಲ್ಲವೇ? ಟ್ಯಾಂಕ್ ಖಾಲಿಯಾಗಿದೆಯೋ ವೈರು ಕಡಿದಿದೆಯೋ ತಿಳಿಯುವುದಿಲ್ಲ. 4 ಇದ್ದರೆ ಉಪಕರಣ ಬದುಕಿದೆ, ಅದು ಹೇಳುತ್ತಿರುವುದು ಖಾಲಿ ಎಂದು. ಅದಕ್ಕಿಂತ ತೀರ ಕೆಳಗೆ ಬಿದ್ದರೆ ಸುದ್ದಿಯೇ ಕೆಟ್ಟಿದೆ. ಸಾಲದ್ದಕ್ಕೆ, ಆ 4 ಮಿಲಿಆಂಪಿಯರಿನಲ್ಲೇ ಟ್ರಾನ್ಸ್‌ಮಿಟರ್ ತನ್ನ ಹೊಟ್ಟೆಯನ್ನೂ ಹೊರೆದುಕೊಳ್ಳುತ್ತದೆ. ಇಷ್ಟು ವರ್ಷವಾದರೂ ಈ ಏರ್ಪಾಡನ್ನು ವಿವರಿಸುವಾಗ ನನಗೆ ಖುಷಿಯಾಗುತ್ತದೆ.

ಕಷ್ಟ ಇರುವುದು ವೈರು ಸರಿಯಿದ್ದು, ಕರೆಂಟೂ ಸರಿಯಿದ್ದು, ಸುದ್ದಿ ಸುಳ್ಳಾದಾಗ. ನಾನು ಕಲಿಯುತ್ತಿದ್ದ ಕಾಲದ ಒಂದು ರಾತ್ರಿ ಪಾಳಿ. ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟವನ್ನು ಮೂರು ಟ್ರಾನ್ಸ್‌ಮಿಟರ್‌ಗಳು ಅಳೆಯುತ್ತಿದ್ದವು. ಎರಡು ಒಂದೇ ಅಂಕಿ ತೋರಿಸುತ್ತಿದ್ದವು, ಮೂರನೆಯದು ನಿಧಾನವಾಗಿ ಮೇಲೇರುತ್ತಿತ್ತು. ನಾನು ಮಲ್ಟಿಮೀಟರ್ ಹಿಡಿದು ಓಡಿದೆ. ನಮ್ಮ ಹಿರಿಯ ಟೆಕ್ನೀಷಿಯನ್ ಬರಿಗೈಯಲ್ಲಿ ಬಂದು, ಡ್ರಮ್ಮಿನ ಒತ್ತಡವನ್ನು ಟ್ರಾನ್ಸ್‌ಮಿಟರಿಗೆ ಮುಟ್ಟಿಸಲು ಇಳಿದು ಬಂದ ಸಣ್ಣ ಕೊಳವೆಗಳಾದ ಇಂಪಲ್ಸ್ ಟ್ಯೂಬ್‌ಗಳ ಹತ್ತಿರ ಒಂದೊಂದಾಗಿ ಕೈಯ ಹಿಂಬದಿಯನ್ನು ತಂದು ನೋಡಿದರು. ತಣಿದ ನೀರು ಅಲುಗದೆ ನಿಂತಿರುವ ಟ್ಯೂಬ್ ತಣ್ಣಗಿರಬೇಕು. ಮೂರನೆಯ ಟ್ರಾನ್ಸ್‌ಮಿಟರಿನ ಟ್ಯೂಬ್ ಬಿಸಿಯಾಗಿತ್ತು.

ಟ್ರಾನ್ಸ್‌ಮಿಟರಿಗೆ ಜೋಡಿಸಿದ ವಾಲ್ವ್‌ಗಳ ಗುಂಪಾದ ಮ್ಯಾನಿಫೋಲ್ಡಿನಲ್ಲಿ ಎರಡೂ ಬದಿಯ ಒತ್ತಡವನ್ನು ಸರಿದೂಗಿಸುವ ಈಕ್ವಲೈಸಿಂಗ್ ವಾಲ್ವ್ ಒಳಗೊಳಗೇ ಸೋರುತ್ತಿತ್ತು. ಅದರಿಂದ ಹೋಲಿಕೆಗಾಗಿ ಸದಾ ತುಂಬಿರಬೇಕಾದ ರೆಫರೆನ್ಸ್ ಬದಿಯ ನೀರು ಡ್ರಮ್ಮಿನ ನೀರಿಗೆ ಸೇರಿದ ಮತ್ತೊಂದು ಬದಿಗೆ ಹರಿದು ಒತ್ತಡದ ವ್ಯತ್ಯಾಸ ಇಳಿದಿತ್ತು. ಇಲ್ಲಿ ವ್ಯತ್ಯಾಸ ಇಳಿದಷ್ಟೂ ಪರದೆಯಲ್ಲಿ ಮಟ್ಟ ಏರುತ್ತದೆ. ಆ ಅಂಕಿಯನ್ನು ನಂಬಿ ನೀರು ಕಡಿಮೆ ಮಾಡಿದರೆ ಡ್ರಮ್ ನಿಜವಾಗಿಯೇ ಬರಿದಾಗತೊಡಗುತ್ತದೆ. ಕೆಳಗೆ ಬೆಂಕಿ ಉರಿಯುತ್ತಲೇ ಇರುತ್ತದೆ. ಹಿರಿಯರು ವಾಲ್ವನ್ನು ಬಿಗಿದರು. ರೆಫರೆನ್ಸ್ ಟ್ಯೂಬ್ ಮತ್ತೆ ತುಂಬಿದ ಮೇಲೆ ಮೂರೂ ಅಂಕಿಗಳು ಒಂದಾದವು. ಮಲ್ಟಿಮೀಟರ್ ನನ್ನ ಕೈಯಲ್ಲೇ ಉಳಿದಿತ್ತು.

ಮೂರು ಇಡುವುದು ಇದಕ್ಕಾಗಿಯೇ. ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ಟ್ರಿಪ್. ಇಂಥ ಏರ್ಪಾಡು ಇರುವುದರಿಂದ, ಓಡುವ ಘಟಕದಲ್ಲೇ ಒಂದನ್ನು ಬದಿಗಿಟ್ಟು ಪರೀಕ್ಷಿಸಲು ಸಾಧ್ಯ. ಕೈಗಾದ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿದ್ದು ನಿಮಗೆ ಗೊತ್ತಿರಬಹುದು. ಅಷ್ಟು ದಿನ ಉಪಕರಣಗಳನ್ನು ಮುಟ್ಟದೆ ಯಾವ ಘಟಕವನ್ನೂ ಓಡಿಸಲಾಗದು.

ನಿಮ್ಮ ಟ್ರೇಡಿನ ಒಂದು ಅಭ್ಯಾಸವನ್ನು ಮಾತ್ರ ಕಟ್ಟುನಿಟ್ಟಾಗಿ ಬಿಡಬೇಕು. ಕೇಬಲ್ ಕಂಡೊಡನೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚಬೇಡಿ. ಎರಡೂ ತುದಿ ಬಿಚ್ಚದೆ 500 ವೋಲ್ಟ್ ಕೊಟ್ಟರೆ ಒಂದು ಬದಿಯಲ್ಲಿ ಟ್ರಾನ್ಸ್‌ಮಿಟರ್, ಇನ್ನೊಂದು ಬದಿಯಲ್ಲಿ ಸುದ್ದಿ ಸ್ವೀಕರಿಸುವ ಇನ್‌ಪುಟ್ ಕಾರ್ಡ್ ಸುಟ್ಟುಹೋಗಬಹುದು. ಉಳಿದಂತೆ ಪರ್ಮಿಟ್ ಇಲ್ಲದೆ ಕೈ ಹಾಕದಿರುವುದು, ಡ್ರಾಯಿಂಗ್ ನೋಡಿ ವೈರು ಹಿಡಿಯುವುದು, ವೈರಿನ ತುದಿಯ ಗುರುತಾದ ಫೆರೂಲ್ ನಂಬರ್ ಓದುವುದು ಎಲ್ಲವೂ ನಿಮಗೆ ಆಸ್ತಿ.

ಮೊದಲ ದಿನದಿಂದಲೇ ಇನ್ನೊಂದು ರೂಢಿ ಮಾಡಿಕೊಳ್ಳಿ. ಸ್ಕ್ರೂಡ್ರೈವರ್ ಟರ್ಮಿನಲ್‌ಗೆ ತಾಗುವ ಮೊದಲು ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಉಪಕರಣದ ಟ್ಯಾಗ್ ನಂಬರನ್ನು ಒಂದೊಂದೇ ಅಕ್ಷರವಾಗಿ ಓದಿ. ಡೆಸ್ಕಿನಲ್ಲಿರುವವರು ಅದನ್ನು ನಿಮಗೆ ತಿರುಗಿ ಓದಿ ಹೇಳುವವರೆಗೆ ಕಾಯಿರಿ.